ಒಂದು ವರ್ಷದ ಸನ್ನದು

ದೇವನಹಳ್ಳಿಯಿಂದ ನಂದಿಬೆಟ್ಟದ ಕಡೆಗೆ ಸಾಗುವ ದಾರಿಯಲ್ಲಿ, ಕುಂದಾಣ ಹೋಬಳಿಯ ಕಾರಹಳ್ಳಿಯ ಬಳಿ, ರಾಗಿಯ ಹೊಲಗಳನ್ನೂ ದ್ರಾಕ್ಷಿಯ ಚಪ್ಪರಗಳನ್ನೂ ನೋಡುತ್ತ ಬಂದ ಕಣ್ಣಿಗೆ ಥಟ್ಟನೆ ಬೇರೊಂದು ಬಗೆಯ ಹಸುರು ಕಾಣಿಸುತ್ತದೆ. ಅದು ಗೋಮಾಳವಲ್ಲ, ತೋಟವೂ ಅಲ್ಲ. ಅಲ್ಲಿ ದನ ಮೇಯುವುದಿಲ್ಲ, ಫಲ ಬಿಡುವುದಿಲ್ಲ. ಅದು ಪ್ರೆಸ್ಟೀಜ್ ಗಾಲ್ಫ್‌ಶೈರ್ ಎಂಬ ಹದಿನೆಂಟು ಕುಳಿಗಳ ಗಾಲ್ಫ್ ಮೈದಾನ. ನಿಂಬೆಹಣ್ಣಿನ ಗಾತ್ರದ ಬಿಳಿಯ ಚೆಂಡೊಂದನ್ನು ದಾಂಡಿನಿಂದ ಬಾರಿಸಿ, ಅದರ ಹಿಂದೆ ಫರ್ಲಾಂಗುಗಟ್ಟಲೆ ನಡೆದು, ಕಡೆಗೆ ನಾಲ್ಕೂಕಾಲು ಅಂಗುಲ ಅಗಲದ ಕುಳಿಯೊಳಗೆ ಬೀಳಿಸಿ, ಬಿದ್ದ ಚೆಂಡನ್ನು ಮತ್ತೆ ಎತ್ತಿಕೊಂಡು ಮುಂದಿನ ಕುಳಿಗೆ ಹೊರಡುವ ಈ ಆಟ ಸುತ್ತಲ ಹಳ್ಳಿಗರಿಗೆ ಈಗ ಹೊಸದಾಗಿ ಉಳಿದಿಲ್ಲ. ಚಿನ್ನಿದಾಂಡಿನ ಹೊಡೆತವನ್ನೂ ಗೋಲಿಯಾಟದ ಗುಂಡಿಯನ್ನೂ ಕೂಡಿಸಿದರೆ ಆಗುವುದು ಇದೇ ಎಂದು ಬಾಲ್ಯದಲ್ಲಿ ಎರಡನ್ನೂ ಆಡಿ ಬೆಳೆದವರು ಸುಲಭವಾಗಿಯೇ ಗ್ರಹಿಸಬಲ್ಲರು. ಅವರಿಗೆ ತಿಳಿಯದಿರುವುದು ಬೇರೊಂದು. ಇದನ್ನು ಆಡಿ ಹೊಟ್ಟೆ ಹೊರೆಯುವವರೂ ಉಂಟಂತೆ, ಅಂಥವರಾಗುವುದು ಹೇಗೆ? ಯಾರಿಗೆ ಅರ್ಜಿ ಹಾಕಬೇಕು? ಯಾರು ಆರಿಸುತ್ತಾರೆ?

ಆರಿಸುವವರು ಯಾರೂ ಇಲ್ಲ ಎಂಬುದೇ ಈ ಆಟದ ವೈಶಿಷ್ಟ್ಯ. ಕ್ರಿಕೆಟ್ಟಿನಲ್ಲಿ ಆಯ್ಕೆಯ ಸಮಿತಿಯುಂಟು. ಸಮಿತಿಯುಂಟೆಂದ ಮೇಲೆ ಅದರ ಸುತ್ತ ಗುಸುಗುಸು, ಶಿಫಾರಸು, ಅಸಮಾಧಾನಗಳೂ ಉಂಟು. ಗಾಲ್ಫ್ ಆಟಗಾರನನ್ನು ತಂಡಕ್ಕೆ ಸೇರಿಸುವವರಿಲ್ಲ, ತಂಡದಿಂದ ಕೈಬಿಡುವವರೂ ಇಲ್ಲ. ಅವನು ಎಷ್ಟು ಹೊಡೆತಗಳಲ್ಲಿ ಹದಿನೆಂಟು ಕುಳಿಗಳನ್ನು ಮುಗಿಸಿದನೆಂಬ ಅಂಕೆಯೊಂದೇ ಅವನ ಪರವಾಗಿಯೋ ವಿರೋಧವಾಗಿಯೋ ಮಾತನಾಡುತ್ತದೆ. ಎಂಥ ದೊಡ್ಡವರ ಪತ್ರವನ್ನು ತಂದರೂ ಎಪ್ಪತ್ತೈದು ಹೊಡೆತಗಳು ಎಪ್ಪತ್ತುನಾಲ್ಕಾಗುವುದಿಲ್ಲ.

ಇದನ್ನು ವಿವರಿಸುವ ಮೊದಲು ‘ವೃತ್ತಿಪರ’ ಎಂಬ ಮಾತಿನ ಪೂರ್ವೇತಿಹಾಸವನ್ನು ಸ್ವಲ್ಪ ಹೇಳಬೇಕು. ಇಂದು ಆ ಮಾತಿಗೆ ಇರುವ ಗೌರವ ಹಿಂದೆ ಇರಲಿಲ್ಲ. 1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಮೊತ್ತಮೊದಲ ಓಪನ್ ಪಂದ್ಯ ನಡೆದಾಗ ಸ್ಪರ್ಧಿಸಿದವರು ಎಂಟೇ ಮಂದಿ, ಎಲ್ಲರೂ ವೃತ್ತಿಯವರು. ವೃತ್ತಿಯವರೆಂದರೆ ಶ್ರೀಮಂತರ ದಾಂಡಿನ ಚೀಲ ಹೊರುವವರು, ಚೆಂಡು ದಾಂಡುಗಳನ್ನು ತಯಾರಿಸುವವರು, ಹುಲ್ಲು ನೋಡಿಕೊಳ್ಳುವವರು. ಹಣಕ್ಕಾಗಿ ಆಡದವನೇ ಸಂಭಾವಿತ. ಹಣಕ್ಕಾಗಿ ಆಡುವವನು ಕೆಲಸದಾಳು. ಅಂಥವನು ಮೈದಾನದಲ್ಲಿ ಎಂಥ ಪವಾಡ ಮಾಡಿದರೂ ಕ್ಲಬ್ಬಿನ ಕಟ್ಟಡದೊಳಕ್ಕೆ ಕಾಲಿಡುವಂತಿರಲಿಲ್ಲ. ಅಮೆರಿಕದಲ್ಲಿಯೂ ಇದೇ ರೂಢಿ. 1920ರಲ್ಲಿ ಒಹಾಯೊ ಸಂಸ್ಥಾನದ ಇನ್ವರ್ನೆಸ್ ಕ್ಲಬ್ಬು ಯು.ಎಸ್. ಓಪನ್ ನಡೆಸಿದಾಗ ತನ್ನ ಬಾಗಿಲನ್ನು ವೃತ್ತಿಯ ಆಟಗಾರರಿಗೂ ತೆರೆಯಿತೆಂಬುದು ಅಂದು ದೊಡ್ಡ ಸುದ್ದಿಯಾಯಿತು. ಮಡಿ ಮೈಲಿಗೆಗಳು ನಮ್ಮ ದೇಶದ ಸೊತ್ತು ಮಾತ್ರವೆಂದು ಭಾವಿಸುವವರು ಈ ಚರಿತ್ರೆಯನ್ನು ಓದಬೇಕು.

ನಮ್ಮಲ್ಲಿಗೆ ಗಾಲ್ಫ್ ಬಂದದ್ದು ಬ್ರಿಟಿಷರ ಸಾಮಾನುಗಳ ಜೊತೆಯಲ್ಲಿ. ಕಲ್ಕತ್ತೆಯ ಕ್ಲಬ್ಬು 1829ರದು. ಬ್ರಿಟನ್ನಿನ ಆಚೆ ಅದಕ್ಕಿಂತ ಹಳೆಯದಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಲ್ಲಿ ಹುಟ್ಟಿತು. ಕೋಲಾರದ ಚಿನ್ನದ ಗಣಿಯ ದೊರೆಗಳೂ ತಮಗೊಂದು ಮೈದಾನ ಮಾಡಿಕೊಂಡರು. ಎಲ್ಲೆಲ್ಲಿ ದೊರೆಗಳು ಆಡಿದರೋ ಅಲ್ಲೆಲ್ಲ ಚೀಲ ಹೊರಲು ಸುತ್ತಲಿನ ಬಡಹುಡುಗರು ಬಂದರು. ಚೀಲ ಹೊತ್ತವನು ಆಟವನ್ನು ನೋಡದೆ ಇರಲಾರ. ನೋಡಿದವನು ಒಮ್ಮೆಯಾದರೂ ಹೊಡೆದು ನೋಡದೆ ಇರಲಾರ. ಭಾರತದ ವೃತ್ತಿಪರ ಗಾಲ್ಫಿನ ಬಹುಭಾಗ ಹೀಗೆ, ಕ್ಯಾಡಿಗಳ ಕೈಯಲ್ಲಿ, ಎರವಲು ದಾಂಡುಗಳಿಂದ ಕಟ್ಟಲ್ಪಟ್ಟಿತು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ದೆಹಲಿಯ ಅಲಿ ಶೇರ್ ಕ್ಯಾಡಿಯಾಗಿದ್ದವರು. ಆ ಪಂದ್ಯವನ್ನು ಗೆದ್ದ ಮೊದಲ ಭಾರತೀಯ ವೃತ್ತಿಪರನೆಂಬ ಕೀರ್ತಿ ಅವರದು.

ಈಗ ಅರ್ಹತೆಯ ಮಾತಿಗೆ ಬರೋಣ. ವೃತ್ತಿಪರರಲ್ಲಿ ಎರಡು ಬಗೆ. ಒಂದು, ಕ್ಲಬ್ಬುಗಳಲ್ಲಿ ಇತರರಿಗೆ ಆಟ ಕಲಿಸಿ ಸಂಬಳವೋ ಶುಲ್ಕವೋ ಪಡೆಯುವ ಶಿಕ್ಷಕರು. ಇವರಿಗೆ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ತರಬೇತಿ ನೀಡಿ ಪ್ರಮಾಣಪತ್ರ ಕೊಡುತ್ತದೆ. ನಮ್ಮ ಬಿ.ಎಡ್. ಇದ್ದಂತೆ ಎನ್ನಬಹುದು. ಇನ್ನೊಂದು, ಪಂದ್ಯಗಳಲ್ಲಿ ಆಡಿ ಬಹುಮಾನದ ಹಣದಿಂದಲೇ ಬದುಕುವವರು. ಇವರ ದಾರಿಯೇ ವಿಚಿತ್ರವಾದದ್ದು.

ವೃತ್ತಿಪರನೆನಿಸಿಕೊಳ್ಳುವುದು ಸುಲಭ. ಹವ್ಯಾಸಿಯಾಗಿದ್ದವನು ‘ಇನ್ನು ಮುಂದೆ ಹಣಕ್ಕಾಗಿ ಆಡುತ್ತೇನೆ’ ಎಂದು ಘೋಷಿಸಿದರೆ ಸಾಕು, ಅವನು ಅಂದಿನಿಂದ ವೃತ್ತಿಪರ. ಇಂಡಿಯನ್ ಗಾಲ್ಫ್ ಯೂನಿಯನ್ ನಡೆಸುವ ಹವ್ಯಾಸಿ ಪಂದ್ಯಗಳ ಬಾಗಿಲು ಅವನ ಹಿಂದೆ ಮುಚ್ಚಿಕೊಳ್ಳುತ್ತದೆ. ಮರಳಿ ಹವ್ಯಾಸಿಯಾಗಬೇಕಾದರೆ ಅರ್ಜಿ ಹಾಕಿ ಕಾಯಬೇಕು. ಆದರೆ ಹಿಂದಿನ ಬಾಗಿಲು ಮುಚ್ಚಿದ ಮಾತ್ರಕ್ಕೆ ಮುಂದಿನದು ತೆರೆಯಲಿಲ್ಲ. ಹಣದ ಪಂದ್ಯಗಳಲ್ಲಿ ಆಡಲು ‘ಕಾರ್ಡು’ ಬೇಕು. ವಕೀಲರಿಗೆ ಸನ್ನದು ಇದ್ದಂತೆ ಇವರಿಗೆ ಕಾರ್ಡು. ಕಾನೂನು ಓದಿ ಪಾಸಾದವನು ಸನ್ನದಿಲ್ಲದೆ ಕೋರ್ಟಿನಲ್ಲಿ ನಿಲ್ಲಲಾರನಷ್ಟೆ.

ಆ ಸನ್ನದನ್ನು ಕೊಡುವ ಸ್ಥಳಕ್ಕೆ ‘ಕ್ವಾಲಿಫೈಯಿಂಗ್ ಸ್ಕೂಲ್’ ಎಂದು ಹೆಸರು. ಹೆಸರು ಕೇಳಿ ಮೋಸಹೋಗಬಾರದು. ಅಲ್ಲಿ ಮೇಷ್ಟ್ರಿಲ್ಲ, ಪಾಠವಿಲ್ಲ, ಕಪ್ಪುಹಲಗೆಯಿಲ್ಲ. ಪರೀಕ್ಷೆ ಮಾತ್ರ ಇದೆ. ಭಾರತದಲ್ಲಿ ಇದನ್ನು ನಡೆಸುವುದು 2006ರಲ್ಲಿ ಸ್ಥಾಪನೆಯಾದ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ. ಅದಕ್ಕೆ ಮುಂಚೆ 1988ರಿಂದ ವೃತ್ತಿಪರರ ಸಂಘವೊಂದು ಈ ವ್ಯವಹಾರವನ್ನು ನೋಡಿಕೊಳ್ಳುತ್ತಿತ್ತು. ಕ್ರಿಕೆಟ್ಟಿನಿಂದ ನಿವೃತ್ತರಾಗಿ ಗಾಲ್ಫಿಗೆ ಮನಸೋತ ಕಪಿಲ್ ದೇವ್ 2024ರಲ್ಲಿ ಈ ಟೂರಿನ ಅಧ್ಯಕ್ಷರಾದರೆಂಬುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಹೊಸ ಋತು ಮೊದಲಾಗುವ ಮುನ್ನ ಪೂರ್ವಭಾವಿ ಸುತ್ತುಗಳು ನಡೆಯುತ್ತವೆ. ಅವುಗಳಲ್ಲಿ ಉಳಿದವರು ಅಂತಿಮ ಘಟ್ಟಕ್ಕೆ ಬರುತ್ತಾರೆ. ಅಂತಿಮ ಘಟ್ಟವೆಂದರೆ ನಾಲ್ಕು ದಿನ, ದಿನಕ್ಕೆ ಹದಿನೆಂಟರಂತೆ 72 ಕುಳಿಗಳು. ನೂರಾರು ಮಂದಿ ಶುಲ್ಕ ಕಟ್ಟಿ ಹೊರಟ ಈ ದಾರಿಯ ಕೊನೆಯಲ್ಲಿ ಪೂರ್ಣ ಕಾರ್ಡು ದೊರೆಯುವುದು ಮೂವತ್ತು ಚಿಲ್ಲರೆ ಮಂದಿಗೆ. ಗೆರೆಯ ಈಚೆಗೂ ಆಚೆಗೂ ಇರುವ ಅಂತರ ಎಷ್ಟೋ ಸಲ ಒಂದೇ ಹೊಡೆತ. ನಾಲ್ಕು ದಿನಗಳಲ್ಲಿ ಇನ್ನೂರ ತೊಂಬತ್ತರಷ್ಟು ಹೊಡೆತಗಳನ್ನು ಹೊಡೆದವನ ಒಂದು ವರ್ಷದ ಅನ್ನ, ಕುಳಿಯ ಅಂಚಿನಲ್ಲಿ ನಿಂತುಬಿಟ್ಟ ಒಂದು ಚೆಂಡಿನಿಂದ ಕೈತಪ್ಪಬಹುದು. ಎಸ್.ಎಸ್.ಎಲ್.ಸಿ.ಯಲ್ಲಾದರೋ ಮರುಎಣಿಕೆಯುಂಟು, ಪೂರಕ ಪರೀಕ್ಷೆಯುಂಟು. ಇಲ್ಲಿ ಮುಂದಿನ ವರ್ಷ ಮತ್ತೆ ಬರಬೇಕು. ಅಲ್ಲಿಯವರೆಗೆ ಕೆಳದರ್ಜೆಯ ಸರಣಿಗಳಲ್ಲಿ ಆಡಿಕೊಂಡಿರಬೇಕು.

ಕಾರ್ಡು ಬಂದರೂ ಬದುಕು ಬಂತೆಂದಲ್ಲ. ಪಂದ್ಯದ ಮೊದಲೆರಡು ದಿನ ಎಲ್ಲರೂ ಆಡುತ್ತಾರೆ. ಎರಡನೆಯ ದಿನದ ಸಂಜೆ ಗೆರೆ ಎಳೆಯುತ್ತಾರೆ; ಸಾಮಾನ್ಯವಾಗಿ ಮೊದಲ ಐವತ್ತು ಮಂದಿ ಹಾಗೂ ಅವರಿಗೆ ಸರಿಸಮನಾಗಿ ನಿಂತವರು ಉಳಿಯುತ್ತಾರೆ, ಮಿಕ್ಕವರು ಗಂಟು ಕಟ್ಟುತ್ತಾರೆ. ಗಂಟು ಕಟ್ಟಿದವರಿಗೆ ಕಾಸೂ ಇಲ್ಲ. ರೈಲಿನ ಖರ್ಚು, ವಸತಿಯ ಖರ್ಚು, ಪಂದ್ಯದ ಶುಲ್ಕ, ತನ್ನ ಚೀಲ ಹೊತ್ತ ಕ್ಯಾಡಿಯ ಕೂಲಿ, ಇವೆಲ್ಲ ಅವನ ತಲೆಯ ಮೇಲೆಯೇ. ಇತ್ತೀಚಿನ ವರ್ಷಗಳಲ್ಲಿ ಒಂದು ಕೋಟಿ ರೂಪಾಯಿ ಬಹುಮಾನದ ಪಂದ್ಯಗಳು ನಮ್ಮಲ್ಲಿ ನಡೆಯುತ್ತಿವೆ. ಗೆದ್ದವನಿಗೆ ಹದಿನೈದು ಲಕ್ಷದಷ್ಟು ಸಿಗುತ್ತದೆ. ಅದು ಪತ್ರಿಕೆಯಲ್ಲಿ ಬರುತ್ತದೆ. ಸಾಲಿನ ಕೊನೆಯಲ್ಲಿ ನಿಂತವನ ಪಾಲು ದಾರಿಖರ್ಚನ್ನು ತುಂಬಿತೇ ಎಂಬುದು ಪತ್ರಿಕೆಯಲ್ಲಿ ಬರುವುದಿಲ್ಲ.

ವರ್ಷದ ಕೊನೆಗೆ ಗಳಿಕೆಯ ಪಟ್ಟಿಯಲ್ಲಿ ಮೊದಲ ಅರವತ್ತರೊಳಗೆ ಇದ್ದವರ ಕಾರ್ಡು ಉಳಿಯುತ್ತದೆ. ಇದಕ್ಕೆ ‘ಆರ್ಡರ್ ಆಫ್ ಮೆರಿಟ್’ ಎನ್ನುತ್ತಾರೆ. ಅರ್ಹತೆಯ ಅನುಕ್ರಮವೆಂದು ಹೆಸರಿಟ್ಟು ರೂಪಾಯಿಯನ್ನು ಎಣಿಸುವ ಈ ಪದ್ಧತಿಯಲ್ಲಿ ಸ್ವಲ್ಪ ಹಾಸ್ಯವೂ ಸ್ವಲ್ಪ ಪ್ರಾಮಾಣಿಕತೆಯೂ ಇದೆ. ಸರ್ಕಾರಿ ನೌಕರಿಗೆ ಒಮ್ಮೆ ಪರೀಕ್ಷೆ ಬರೆದರೆ ಅರವತ್ತು ವಯಸ್ಸಿನವರೆಗೆ ನಿಶ್ಚಿಂತೆ ಎಂದು ನಂಬಿದ ಮನೆಗಳಲ್ಲಿ, ವರ್ಷವರ್ಷವೂ ನೌಕರಿಗೆ ಹೊಸದಾಗಿ ಪರೀಕ್ಷೆ ಬರೆಯುವ ಮಗನನ್ನು ಕಲ್ಪಿಸಿಕೊಂಡರೆ ಈ ಬಾಳಿನ ಸ್ವರೂಪ ಗೊತ್ತಾದೀತು. ಅಂಥವನಿಗೆ ಹೆಣ್ಣು ಕೊಡಲು ಯಾವ ತಂದೆಯೂ ಒಂದು ಗಳಿಗೆ ಹಿಂದೆಮುಂದೆ ನೋಡಿಯೇನು.

ಇನ್ನು ಜಗತ್ತಿನ ಏರ್ಪಾಡು. ಇಡೀ ಭೂಮಂಡಲಕ್ಕೆ ಒಂದೇ ಸಂಸ್ಥೆಯಿಲ್ಲ. ಭೂಭಾಗಕ್ಕೊಂದರಂತೆ ಟೂರುಗಳಿವೆ: ಅಮೆರಿಕದ್ದೊಂದು, ಯುರೋಪಿನದೊಂದು, ಜಪಾನಿನದು, ದಕ್ಷಿಣ ಆಫ್ರಿಕದ್ದು, ಆಸ್ಟ್ರೇಲಿಯದ್ದು, ಹಾಗೆಯೇ ಏಷ್ಯದ್ದು. ಏಷ್ಯನ್ ಟೂರು 2004ರಲ್ಲಿ ಆಟಗಾರರೇ ಮುಂದೆ ನಿಂತು ಕಟ್ಟಿದ ರೂಪದಲ್ಲಿ ಇಂದು ನಡೆಯುತ್ತಿದೆ. ಅದರ ಕೆಳಗೆ 2010ರಿಂದ ಏಷ್ಯನ್ ಡೆವಲಪ್‌ಮೆಂಟ್ ಟೂರು ಎಂಬ ಮೆಟ್ಟಿಲೂ ಇದೆ. ನಮ್ಮಲ್ಲಿ 2025ರಲ್ಲಿ ಇಂಡಿಯನ್ ಗಾಲ್ಫ್ ಪ್ರೀಮಿಯರ್ ಲೀಗ್ ಎಂಬ ಇನ್ನೊಂದು ಸರಣಿಯೂ ತಲೆಯೆತ್ತಿತು. ಪ್ರತಿಯೊಂದು ದೊಡ್ಡ ಟೂರಿಗೂ ಅದರದೇ ಪರೀಕ್ಷೆ. ಅಮೆರಿಕದಲ್ಲಿ ಇದು 1965ರಲ್ಲಿ ಮೊದಲಾಯಿತು. ಯುರೋಪಿನ ಪರೀಕ್ಷೆಯ ಅಂತಿಮ ಘಟ್ಟ ಸ್ಪೇನ್ ದೇಶದಲ್ಲಿ ಆರು ದಿನಗಳ ಕಾಲ ನಡೆದು ಬಂದದ್ದು, 108 ಕುಳಿಗಳದು. ನಮ್ಮ ಜೀವ್ ಮಿಲ್ಖಾ ಸಿಂಗ್ ಯುರೋಪಿನ ಪರೀಕ್ಷೆಯನ್ನು ದಾಟಿ 1998ರಲ್ಲಿ ಆ ಟೂರು ಸೇರಿದ ಮೊದಲ ಭಾರತೀಯರಾದರು.

ಆದರೆ ಎಲ್ಲರೂ ಎಲ್ಲ ಪರೀಕ್ಷೆಗಳನ್ನೂ ಬರೆಯಬೇಕಾಗಿಲ್ಲ. ಒಂದು ಮಹಡಿಯಿಂದ ಮೇಲಿನ ಮಹಡಿಗೆ ಒಳಗಿನಿಂದಲೇ ಮೆಟ್ಟಿಲಿದೆ. 2023ರಿಂದ ಭಾರತದ ಟೂರಿನ ಗಳಿಕೆಯ ಪಟ್ಟಿಯಲ್ಲಿ ಮೊದಲಿಗನಾದವನಿಗೆ ಯುರೋಪಿನ ಟೂರಿನಲ್ಲಿ, ಅಂದರೆ ಇಂದು ಡಿಪಿ ವರ್ಲ್ಡ್ ಟೂರ್ ಎನಿಸಿಕೊಂಡಿರುವುದರಲ್ಲಿ, ಮುಂದಿನ ವರ್ಷ ಆಡುವ ಹಕ್ಕು ದೊರೆಯುವ ಒಪ್ಪಂದವಾಯಿತು. ಆ ಮೊದಲ ವರ್ಷದ ಮೊದಲಿಗ ಯಾರು? ಮಧ್ಯಪ್ರದೇಶದ ಮ್ಹೌ ಎಂಬ ದಂಡಿನ ಊರಿನ ಓಂ ಪ್ರಕಾಶ್ ಚೌಹಾಣ್, ಹಿಂದೆ ಕ್ಯಾಡಿಯಾಗಿದ್ದವರು. ಅದೇ ಊರಿನವರೇ ಆದ ಇನ್ನೊಬ್ಬ ಹಳೆಯ ಕ್ಯಾಡಿ ಮುಕೇಶ್ ಕುಮಾರ್ 2016ರಲ್ಲಿ, ತಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ, ಏಷ್ಯನ್ ಟೂರಿನ ಪಂದ್ಯವೊಂದನ್ನು ಗೆದ್ದರು.

ಮೇಲೇರಲು ಇನ್ನೊಂದು ದಾರಿ, ಅತ್ಯಂತ ಚಿಕ್ಕದೂ ಅತ್ಯಂತ ಕಡಿದಾದದ್ದೂ ಆದದ್ದು, ಗೆಲುವು. ತನಗಿಂತ ಮೇಲಿನ ಟೂರಿನ ಪಂದ್ಯವೊಂದರಲ್ಲಿ ಹೇಗೋ ಸ್ಥಾನ ದೊರಕಿಸಿಕೊಂಡು ಅಲ್ಲಿ ಗೆದ್ದುಬಿಟ್ಟರೆ ಆ ಟೂರಿನ ಹಕ್ಕು ತಾನಾಗಿ ಬರುತ್ತದೆ. ದೇಶದ ಓಪನ್ ಪಂದ್ಯದಲ್ಲಿ ಆ ದೇಶದ ಆಟಗಾರರಿಗೂ ಒಂದಷ್ಟು ಜಾಗ ಇಡುವ ಪದ್ಧತಿಯಿರುವುದರಿಂದ ಇದು ಬರಿಯ ಕನಸಲ್ಲ. ಬೆಂಗಳೂರಿಗರು ಇದಕ್ಕೆ ಉದಾಹರಣೆಯನ್ನು ಹೊರಗೆ ಹುಡುಕಬೇಕಾಗಿಲ್ಲ.

2009ರ ಅಕ್ಟೋಬರಿನಲ್ಲಿ ಗುರುಗ್ರಾಮದ ಡಿಎಲ್‌ಎಫ್ ಮೈದಾನದಲ್ಲಿ ಇಂಡಿಯನ್ ಓಪನ್ ನಡೆಯಿತು. ಏಷ್ಯದ ಹೆಸರಾಂತ ಆಟಗಾರರು ಸೇರಿದ್ದರು. ಪತ್ರಿಕೆಯವರು ಹಿಡಿದುಕೊಂಡು ಬಂದ ಹೆಸರುಗಳ ಪಟ್ಟಿಯಲ್ಲಿ ಸಿ. ಮುನಿಯಪ್ಪ ಎಂಬುದು ಮೇಲಿರಲು ಕಾರಣವಿರಲಿಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಇತರರ ಚೀಲ ಹೊತ್ತು ಆಟ ಕಲಿತವರು ಅವರು. ನಾಲ್ಕು ದಿನ ಮುಗಿದಾಗ ಮುನಿಯಪ್ಪನವರೂ ಕೊರಿಯದ ಲೀ ಸಂಗ್ ಎಂಬವರೂ ಸಮಸಮ. ಹೀಗಾದಾಗ ಇಬ್ಬರನ್ನೇ ಮತ್ತೆ ಮೈದಾನಕ್ಕೆ ಕಳುಹಿಸುತ್ತಾರೆ. ಯಾವುದಾದರೊಂದು ಕುಳಿಯಲ್ಲಿ ಒಬ್ಬನು ಕಡಿಮೆ ಹೊಡೆತಗಳಲ್ಲಿ ಮುಗಿಸುವವರೆಗೂ ಆಟ. ಮುನಿಯಪ್ಪ ಗೆದ್ದರು. ಬಹುಮಾನ ಎರಡು ಲಕ್ಷ ಡಾಲರಿಗೆ ತುಸು ಕಡಿಮೆ. ಅಂದಿನ ಲೆಕ್ಕದಲ್ಲಿ ತೊಂಬತ್ತು ಲಕ್ಷ ರೂಪಾಯಿಯ ಆಸುಪಾಸು. ಹಣಕ್ಕಿಂತ ಹೆಚ್ಚಿನದು ಅದರ ಹಿಂದೆಯೇ ಬಂದ ಏಷ್ಯನ್ ಟೂರಿನ ಸನ್ನದು. ಚೀಲ ಹೊರುವವನಿಗೂ ಚೀಲ ಹೊರಿಸುವವನಿಗೂ ಇರುವ ಅಂತರವನ್ನು ಒಂದು ಸಂಜೆಯಲ್ಲಿ ದಾಟಿದ ಇಂಥ ಘಟನೆ ಬೇರೆ ಆಟಗಳಲ್ಲಿ ಅಪರೂಪ. ಇದೇ ಸಾಹಸವನ್ನು ಕ್ರಿಕೆಟ್ಟಿನಲ್ಲಿ ಮಾಡಿದ್ದರೆ ಬೆಂಗಳೂರಿನ ಯಾವುದಾದರೊಂದು ವೃತ್ತಕ್ಕೆ ಇಷ್ಟು ಹೊತ್ತಿಗೆ ಅವರ ಹೆಸರು ಬಿದ್ದಿರುತ್ತಿತ್ತು.

ಬೆಂಗಳೂರು ಗ್ರಾಮಾಂತರಕ್ಕೆ ಇನ್ನೂ ಹತ್ತಿರದ ಕಥೆ ಚಿಕ್ಕರಂಗಪ್ಪನವರದು. ಅವರು 1993ರಲ್ಲಿ ಹುಟ್ಟಿದರು. ಬಿಡದಿ ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಯೇ ಇತ್ತು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾದಾಗ ಆ ಕಡೆಗೆ ಹೋಯಿತು. ಬಿಡದಿಯ ಬಳಿ ಈಗಲ್‌ಟನ್ ಗಾಲ್ಫ್ ಮೈದಾನವಾದಾಗ ಸುತ್ತಲ ಹಳ್ಳಿಗಳ ಮಕ್ಕಳಿಗೆ ಚೆಂಡು ಹೆಕ್ಕುವ ಕೆಲಸ ಸಿಕ್ಕಿತು. ಹೀಗೆ ಹೆಕ್ಕುತ್ತಿದ್ದ ಬಡಮನೆಯ ಹುಡುಗನೊಬ್ಬನ ಕೈಬೀಸನ್ನು ಅಲ್ಲಿ ತರಬೇತಿ ನೀಡುತ್ತಿದ್ದ ವಿಜಯ್ ದಿವೇಚಾ ಗುರುತಿಸಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಏಷ್ಯದಲ್ಲಿಯೇ ಅಗ್ರಗಣ್ಯರೆನಿಸಿದ ಅನಿರ್ಬಾನ್ ಲಾಹಿರಿ ಕಲಿತದ್ದೂ ಅದೇ ಗುರುವಿನ ಬಳಿ. 2015ರಲ್ಲಿ ಚಿಕ್ಕರಂಗಪ್ಪ ಭಾರತದ ಟೂರಿನ ಆರ್ಡರ್ ಆಫ್ ಮೆರಿಟ್‌ನಲ್ಲಿ ಮೊದಲಿಗರಾದರು.

ಈ ಕಥೆಯಲ್ಲಿ ಕಣ್ಣಿಗೆ ಬೀಳುವುದು ಹುಡುಗನ ಪ್ರತಿಭೆ; ಬೀಳದೆ ಹೋಗುವುದು ಅವನು ಪರೀಕ್ಷೆಯ ಬಾಗಿಲಿಗೆ ಬರುವ ಮೊದಲಿನ ಹತ್ತು ವರ್ಷ. ಬಾಗಿಲಲ್ಲಿ ಜಾತಿ ಕೇಳುವುದಿಲ್ಲ, ಕುಲ ಕೇಳುವುದಿಲ್ಲ, ಇಂಗ್ಲಿಷ್ ಬರುತ್ತದೆಯೇ ಎಂದು ಕೂಡ ಕೇಳುವುದಿಲ್ಲ, ನಿಜ. ಆದರೆ ಬಾಗಿಲವರೆಗೆ ನಡೆದು ಬರಲು ಹುಲ್ಲು ಬೇಕು. ಗಲ್ಲಿಯಲ್ಲಿ ಕ್ರಿಕೆಟ್ ಕಲಿಯಬಹುದು, ಕೆರೆಯಂಗಳದಲ್ಲಿ ಕಬಡ್ಡಿ ಕಲಿಯಬಹುದು. ಗಾಲ್ಫ್ ಕಲಿಯಲು ಗಾಲ್ಫ್ ಮೈದಾನವೇ ಆಗಬೇಕು, ಮತ್ತು ಆ ಮೈದಾನಗಳಿಗೆಲ್ಲ ಗೇಟುಂಟು. ಕೆಲವು ಕ್ಲಬ್ಬುಗಳು ಸೋಮವಾರ ಸದಸ್ಯರಿಗೆ ಬಿಡುವು ಮಾಡಿ ಅಂದು ಕ್ಯಾಡಿಗಳಿಗೆ ಆಡಲು ಬಿಡುವ ಪದ್ಧತಿ ಇಟ್ಟುಕೊಂಡಿವೆ. ಭಾರತದ ಎಷ್ಟೋ ವೃತ್ತಿಪರರು ಇಂಥ ಸೋಮವಾರಗಳ ಮಕ್ಕಳು. ವಾರಕ್ಕೆ ಆರು ದಿನ ಅಭ್ಯಾಸ ಮಾಡುವವನೂ ಒಂದು ದಿನ ಮಾಡುವವನೂ ಅದೇ ಗೆರೆಯ ಮೇಲೆ ನಿಂತು ಪರೀಕ್ಷೆ ಬರೆಯುತ್ತಾರೆ.

ಸಾಲದ್ದಕ್ಕೆ ಕ್ಯಾಡಿಗಳಾಗಿ ಬರುವವರು ಸಾಮಾನ್ಯವಾಗಿ ಗಂಡುಹುಡುಗರೇ. ಹಳ್ಳಿಯ ಹುಡುಗಿಗೆ ಸೋಮವಾರವೂ ಇಲ್ಲ. ವೃತ್ತಿಯ ಆಟದಲ್ಲಿ ಮೇಲೆ ಬಂದ ಹೆಣ್ಣುಮಕ್ಕಳು ಬಹುಮಟ್ಟಿಗೆ ಕ್ಲಬ್ಬಿನ ಸದಸ್ಯರ ಬಾಗಿಲಿನಿಂದ ಅಥವಾ ಹೆತ್ತವರ ಹಟದಿಂದ ಬಂದವರು. ಅದಿತಿ ಅಶೋಕ್ ಐದಾರು ವರ್ಷದ ಮಗುವಾಗಿದ್ದಾಗ ಆಟಕ್ಕೆ ತೊಡಗಿದ್ದು ಬೆಂಗಳೂರಿನ ಚಲ್ಲಘಟ್ಟ ಕೆರೆಯ ಜಾಗದಲ್ಲಿ ಎದ್ದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ. ಮೊರಾಕೊ ದೇಶದಲ್ಲಿ ನಡೆಯುವ ಯುರೋಪಿನ ಮಹಿಳಾ ಟೂರಿನ ಪರೀಕ್ಷೆಗೆ 2015ರ ಡಿಸೆಂಬರಿನಲ್ಲಿ ಹದಿನೇಳರ ಹರೆಯದಲ್ಲಿ ಕುಳಿತು, ತೇರ್ಗಡೆಯಷ್ಟೇ ಅಲ್ಲ, ಮೊದಲ ಸ್ಥಾನವನ್ನೇ ಪಡೆದಳು. ಮರುವರ್ಷ ರಿಯೋ ಒಲಿಂಪಿಕ್ಸಿನಲ್ಲಿ ಆಕೆಯ ಚೀಲ ಹೊತ್ತವರು ತಂದೆ. 2021ರಲ್ಲಿ ಟೋಕಿಯೊದಲ್ಲಿ ಹೊತ್ತವರು ತಾಯಿ. ನಾಲ್ಕನೆಯ ದಿನದ ಕೊನೆಯ ಕುಳಿಯವರೆಗೂ ಪದಕದ ಆಸೆಯಿತ್ತು; ಒಂದೇ ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯ ಸ್ಥಾನ ಬಂತು. ಅಂದು ನಸುಕಿನಲ್ಲೇ ಎದ್ದು ದೂರದರ್ಶನದ ಮುಂದೆ ಕುಳಿತು, ಬರ್ಡಿ ಬೋಗಿಗಳೆಂದರೇನೆಂದು ಮಕ್ಕಳನ್ನು ಕೇಳುತ್ತ ಆಟವನ್ನು ಕಲಿತ ಅಜ್ಜಿಯರು ಕರ್ನಾಟಕದಲ್ಲಿ ಎಷ್ಟೋ ಮಂದಿ.

ದೇವನಹಳ್ಳಿಯ ಹುಡುಗನೊಬ್ಬನು ಇಂದು ಈ ದಾರಿ ಹಿಡಿಯಬೇಕೆಂದರೆ ಕ್ರಮ ಇಷ್ಟು: ಮೊದಲು ಯಾವುದಾದರೊಂದು ಮೈದಾನದಲ್ಲಿ ಕಾಲೂರಲು ನೆಲೆ, ಮೇಲೆ ಕೈಹಿಡಿದು ತಿದ್ದುವ ಒಬ್ಬ ಗುರು, ಬಳಿಕ ಒಂದಷ್ಟು ವರ್ಷ ಹವ್ಯಾಸಿ ಪಂದ್ಯಗಳು, ಅನಂತರ ಶುಲ್ಕ ಕಟ್ಟಿ ಪೂರ್ವಭಾವಿ ಸುತ್ತು, ಅಂತಿಮ ಸುತ್ತು, ಕಾರ್ಡು. ಕಾರ್ಡು ಕೈಗೆ ಬಂದ ದಿನದಿಂದಲೇ ಅರವತ್ತರ ಲೆಕ್ಕ ಶುರು. ವರ್ಷದ ಕಡೆಯ ಪಂದ್ಯದ ಕಡೆಯ ಸಂಜೆ ಪಟ್ಟಿಯನ್ನು ಅಂಟಿಸಿದಾಗ ಅರವತ್ತನೆಯವನು ಮನೆಗೆ ದೂರವಾಣಿ ಮಾಡುತ್ತಾನೆ. ಅರವತ್ತೊಂದನೆಯವನು ಮುಂದಿನ ಪರೀಕ್ಷೆಯ ಶುಲ್ಕ ಎಷ್ಟೆಂದು ವಿಚಾರಿಸುತ್ತಾನೆ.